ಹೆಬ್ಬೆಟ್ಟಿಗೆ ಮುಯ್ಯಾಳಿಲ್ಲ

ಎರಡು ಎಕರೆಯ ಒಕ್ಕಲುತನ ಏಕೆ ಪೂರೈಸುವುದಿಲ್ಲ ಎಂದು ಕೇಳಿದರೆ ಮಳೆ, ದರ, ಆಳಿನ ಕೂಲಿ ಎಂಬ ಉತ್ತರ ಸಿದ್ಧವಾಗಿರುತ್ತದೆ. ಮೂರೂ ಖರೆ. ಆದರೆ ಹಾವೇರಿ ಸೀಮೆಯ ಸಣ್ಣ ರೈತರ ಹೊತ್ತು ಎಲ್ಲಿ ಹೋಗುತ್ತದೆಂದು ನೋಡಿದರೆ ನಾಲ್ಕನೆಯದೊಂದು ಕಾಣುತ್ತದೆ: ಓಡಾಟ. ಉಳುಮೆಗೆ, ಬಿತ್ತನೆಗೆ, ಕಸ ತೆಗೆಯುವುದಕ್ಕೆ ಎಕರೆ ಲೆಕ್ಕವಿದೆ. ಹೊಲ ಸಣ್ಣದಾದರೆ ಕೆಲಸವೂ ಸಣ್ಣದು. ಓಡಾಟಕ್ಕೆ ಆ ಲೆಕ್ಕವಿಲ್ಲ. ಜಮೀನಿನ ಉತಾರ ತೆಗೆಸುವುದು, ಸೊಸೈಟಿಯ ಪಾಳಿ, ಬೆಳೆವಿಮೆಯ ಅರ್ಜಿ ಇಪ್ಪತ್ತು ಎಕರೆಯವನಿಗೂ ಅಷ್ಟೇ, ಎರಡು ಎಕರೆಯವನಿಗೂ ಅಷ್ಟೇ. ದೊಡ್ಡ ರೈತ ಮಗನ ಕೈಗೆ ಬೈಕ್ ಕೊಟ್ಟು ಕಳಿಸುತ್ತಾನೆ. ಸಣ್ಣವನು ಕುಂಟೆ ನಿಲ್ಲಿಸಿ ತಾನೇ ಹೋಗಬೇಕು.

ನಿಲ್ಲಿಸಿದ ಕುಂಟೆಗೆ ಬೆಲೆ ಇದೆ. ಎರೆ ಹೊಲ ಹಸಿ ಇದ್ದಾಗ ಕೂರಿಗೆ ಒಳಗೆ ಬಿಡುವುದಿಲ್ಲ, ಆರಿದ ಮೇಲೆ ಬೀಜ ಹುಟ್ಟುವುದಿಲ್ಲ. ನಡುವೆ ಸಿಗುವ ನಾಲ್ಕಾರು ದಿನದ ಹದದಲ್ಲೇ ಗೋವಿನಜೋಳವೂ ಡಿಎಪಿಯೂ ಮಣ್ಣಿಗೆ ಬೀಳಬೇಕು. ಹಾಗಾಗಿ ಸೀಮೆಗೆ ಸೀಮೆಯೇ ಒಂದೇ ವಾರ ಗೊಬ್ಬರದ ಅಂಗಡಿ ಮುಂದೆ ನಿಲ್ಲುತ್ತದೆ. 2008ರ ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರ ಸಿಗದೆ ಸಿಟ್ಟಿಗೆದ್ದ ರೈತರ ಮೇಲೆ ಪೊಲೀಸರು ಗುಂಡು ಹಾರಿಸಿದರು, ಜೀವ ಹೋಯಿತು. ಅದನ್ನು ರಾಜಕೀಯದ ಘಟನೆಯೆಂದು ನೆನೆಯುವವರೇ ಹೆಚ್ಚು. ನನಗೆ ಅದು ಮೊದಲು ಚೀಲ ತರಲು ಪೇಟೆಗೆ ಹೋದವರ ಕಥೆ.

ಈಗೆಲ್ಲ ಕಂಪ್ಯೂಟರ್ ಬಂದಿದೆಯಲ್ಲ ಎನ್ನುವವರಿದ್ದಾರೆ. ಬಂದಿದೆ, ಒಳ್ಳೆಯದೂ ಆಗಿದೆ. 1997ರಲ್ಲಿ ಹಾವೇರಿ ಜಿಲ್ಲೆಯಾದಾಗ ಧಾರವಾಡಕ್ಕೆ ಬಸ್ಸು ಹಿಡಿಯುವುದು ತಪ್ಪಿತು. 2000ದ ಸುಮಾರಿಗೆ ಭೂದಾಖಲೆಯ ಕಂಪ್ಯೂಟರ್ ವ್ಯವಸ್ಥೆ ‘ಭೂಮಿ’ ಬಂದು ಉತಾರಕ್ಕಾಗಿ ತಲಾಟಿಯ ಮರ್ಜಿ ಕಾಯುವುದು ತಪ್ಪಿತು. ಆದರೆ ಹಳೆಯ ಓಡಾಟ ಹೋದ ಜಾಗಕ್ಕೆ ಹೊಸತು ಬಂದು ಕೂತಿದೆ. ಆಧಾರ್ ಜೋಡಣೆ, ಇ-ಕೆವೈಸಿ, ರೈತನ ಗುರುತಿನ ಸಂಖ್ಯೆಯಾದ ಎಫ್‌ಐಡಿ. ಗೊಬ್ಬರಕ್ಕೂ 2018ರಿಂದ ಅಂಗಡಿಯ ಯಂತ್ರದ ಮೇಲೆ ಹೆಬ್ಬೆಟ್ಟು ಒತ್ತಬೇಕು. ಒಟಿಪಿ ಬರುವ ಸಿಮ್ಮು ಮಗನ ಹತ್ತಿರ, ಮಗ ಬೆಂಗಳೂರಿನಲ್ಲಿ. ಕುರ್ಪಿ ಹಿಡಿದು ಸವೆದ ಬೆರಳಿನ ಗೆರೆ ಯಂತ್ರಕ್ಕೆ ಕಾಣುವುದಿಲ್ಲ. ಒರೆಸಿ ಒತ್ತು, ಒದ್ದೆ ಮಾಡಿ ಒತ್ತು, ನಾಳೆ ಬಾ.

ಇನ್ನೊಂದು ಬಗೆಯ ಚಿಲ್ಲರೆ ಕೆಲಸ ಮನೆಯಲ್ಲಿದೆ, ಅದರ ಗುಣವೇ ಬೇರೆ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಜಿಐ ಮಾನ್ಯತೆ ಸಿಕ್ಕಿತು. ಅದು ಬಿಕರಿಯಾಗುವುದು ಖಾರಕ್ಕಲ್ಲ, ಬಣ್ಣಕ್ಕೆ. ಆ ಬಣ್ಣ ಅರ್ಧ ಗಿಡದಲ್ಲಾದರೆ ಉಳಿದರ್ಧ ಕಣದಲ್ಲಿ ಉಳಿಯಬೇಕು. ಕಾಯಿಯನ್ನು ತೆಳ್ಳಗೆ ಹರವಬೇಕು, ಬಿಸಿಲೇರಿದಂತೆ ಕೈಯಾಡಿಸಬೇಕು, ಸಂಜೆ ಇಬ್ಬನಿಗೆ ಮುಂಚೆ ರಾಶಿ ಮಾಡಿ ತಾಡಪತ್ರಿ ಹೊದಿಸಬೇಕು, ಬಿಳಿಚಿದ್ದನ್ನು ಆರಿಸಿ ಬೇರೆ ಇಡಬೇಕು. ಒಂದು ರಾತ್ರಿ ಮೈಮರೆತರೆ ಸೋಮವಾರವೋ ಗುರುವಾರವೋ ಬ್ಯಾಡಗಿಯ ಟೆಂಡರಿನಲ್ಲಿ ದರ ಅದನ್ನು ಹೇಳುತ್ತದೆ. ಇದನ್ನೆಲ್ಲ ಹೆಚ್ಚಾಗಿ ಹೆಂಗಸರೇ ಮಾಡುತ್ತಾರೆ, ರೊಟ್ಟಿ ಬಡಿಯುವುದಕ್ಕೂ ಎಮ್ಮೆ ಹಿಂಡುವುದಕ್ಕೂ ನಡುವೆ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸರು ದಿನಕ್ಕೆ 299 ನಿಮಿಷ ದುಡಿದರೆ ಗಂಡಸರು 97. ಕಣದ ಕೆಲಸ ಅದರ ಮೇಲಿನದು. ಗಂಡ ತಾಲ್ಲೂಕು ಕಚೇರಿಗೆ ಹೋದ ದಿನ ಮೇವು ಕೊಯ್ಯುವುದೂ ಅವಳ ಪಾಲಿಗೇ ಬರುತ್ತದೆ. ಕಚೇರಿಯ ‘ನಾಳೆ ಬಾ’ ಕೊನೆಗೆ ಬಂದು ಮುಟ್ಟುವುದು ಅವಳ ಸೊಂಟಕ್ಕೆ.

ಕಣದ ಕೆಲಸ ಎಷ್ಟೇ ಬೇಸರದ್ದಾದರೂ ಮಾಲಿನ ಬೆಲೆ ಏರಿಸುತ್ತದೆ. ಹೆಬ್ಬೆಟ್ಟಿನ ಓಡಾಟ ಏನನ್ನೂ ಏರಿಸುವುದಿಲ್ಲ. ಈ ರೈತ ಈ ರೈತನೇ ಎಂದು ಮತ್ತೆ ಮತ್ತೆ ಸಾಬೀತು ಮಾಡುತ್ತದೆ, ಅಷ್ಟೇ. ಬೆಂಬಲ ಬೆಲೆಯ ಲೆಕ್ಕದಲ್ಲಿ ಮನೆಮಂದಿಯ ದುಡಿಮೆಗೂ ಕೂಲಿ ಹಿಡಿಯುತ್ತಾರೆ ನಿಜ. 2025-26ಕ್ಕೆ ಗೋವಿನಜೋಳಕ್ಕೆ ಕ್ವಿಂಟಲ್‌ಗೆ 2,400 ರೂಪಾಯಿ ಗೊತ್ತು ಮಾಡಿದ್ದು ಹಾಗೆಯೇ. ಆದರೆ ಅಲ್ಲಿ ಕೂಲಿ ಬೆಳೆಯ ಮೇಲೆ ದುಡಿದ ಗಂಟೆಗೆ, ಪಾಳಿಯಲ್ಲಿ ಕೂತ ಗಂಟೆಗಲ್ಲ. ಮೆಣಸಿನಕಾಯಿಗಂತೂ ಬೆಂಬಲ ಬೆಲೆಯೇ ಇಲ್ಲ.

ಎಲ್ಲ ಓಡಾಟವೂ ದಂಡವೆಂದು ನಾನು ಹೇಳಲಾರೆ. ಬ್ಯಾಡಗಿಗೆ ಮಾಲು ಒಯ್ದವರು ಗಿರ್ಮಿಟ್ ತಿಂದು, ಬಳ್ಳಾರಿ ಕಡೆಯಿಂದ, ಆಂಧ್ರದಿಂದ ಎಷ್ಟು ಚೀಲ ಬಂದಿದೆಯೆಂದು ಕಣ್ಣಾರೆ ನೋಡಿ ಬರುತ್ತಾರೆ. ಆ ಸುದ್ದಿಗೆ ಬೆಲೆಯಿದೆ, ಗಿರ್ಮಿಟ್ಟಿಗೂ ಇದೆ.

ಕಸ ತೆಗೆಯುವ ಕೆಲಸ ಮೈಮೇಲೆ ಬಂದಾಗ ಹಳ್ಳಿ ಮುಯ್ಯಾಳು ಕಂಡುಕೊಂಡಿತು: ಇಂದು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮದಕ್ಕೆ ನೀವು. ಹಿಂದೆ ಪೇಟೆ ಕೆಲಸವೂ ಹೀಗೇ ಸಾಗುತ್ತಿತ್ತು. ಒಬ್ಬ ಹೋದರೆ ನಾಲ್ಕು ಮನೆಯ ಚೀಲ ಬರುತ್ತಿತ್ತು. ಹೆಬ್ಬೆಟ್ಟನ್ನು ಮಾತ್ರ ಯಾರೂ ಮುಯ್ಯಿ ಕೊಡಲಾರರು. ಕಳ್ಳತನ ತಡೆಯಲೆಂದು ತಂದ ಈ ವ್ಯವಸ್ಥೆ ನೆರೆಹೊರೆಯ ಸಹಾಯವನ್ನೂ ತಡೆದುಬಿಟ್ಟಿದೆ.

ಓಡಾಟ ರೈತನದ್ದೇ ಆಗಬೇಕೆಂದೇನಿಲ್ಲ. ರಾಣೆಬೆನ್ನೂರು ಸುತ್ತ ಹೈಬ್ರಿಡ್ ಬೀಜ ಮಾಡುವ ತುಂಡು ಹೊಲಗಳಿವೆ. ಸಂಜೆ ಮೊಗ್ಗಿನ ಕೇಸರ ಕಿತ್ತು, ಬೆಳಿಗ್ಗೆ ಗಂಡು ಹೂವಿನ ಪರಾಗ ಮುಟ್ಟಿಸುವ ಕ್ರಾಸಿಂಗ್ ಕೆಲಸ. ಬೀಜದಲ್ಲಿ ಬೆರಕೆಯಾದರೆ ಕಂಪನಿಗೆ ನಷ್ಟ. ಆದ್ದರಿಂದ ರೈತ ಕಂಪನಿಗೆ ಅಲೆಯುವುದಿಲ್ಲ, ಕಂಪನಿಯ ಮೇಲ್ವಿಚಾರಕ ಅರ್ಧ ಎಕರೆಯ ಬದುವಿಗೂ ಬಂದು ನಿಲ್ಲುತ್ತಾನೆ. ಗೊಬ್ಬರದ ಅಂಗಡಿಯ ಆ ಯಂತ್ರವೂ ಕೈಚೀಲದಲ್ಲಿ ಹಿಡಿಯುವಷ್ಟೇ ಇದೆ. ಮುಂಗಾರಿಗೆ ಮುಂಚೆ, ಮೇ ತಿಂಗಳಲ್ಲಿ, ಊರೂರಿಗೆ ಒಂದು ದಿನ ಗೊತ್ತುಮಾಡಿ ಅದನ್ನೂ ಚೀಲಗಳನ್ನೂ ಒಂದೇ ಗಾಡಿಯಲ್ಲಿ ಕಳಿಸಿದರೆ ಜೂನ್ ತಿಂಗಳ ಪಾಳಿ ಅರ್ಧ ಕರಗುತ್ತದೆ.