ಕಿಸೆಯಲ್ಲಿರುವುದು ಯಾವ ಕಾರ್ಡು?

ಕಾರ್ಮಿಕ ಕಾರ್ಡ್ ಶಿಬಿರ ನಮ್ಮ ಕರಾವಳಿಯ ಊರುಗಳಿಗೆ ಹೊಸತಲ್ಲ. ಶಾಲೆಯ ಜಗಲಿಯಲ್ಲೋ ಮದ್ರಸದ ಹಾಲ್‌ನಲ್ಲೋ ಎರಡು ಲ್ಯಾಪ್‌ಟಾಪ್, ಹೆಬ್ಬೆಟ್ಟು ಒತ್ತುವ ಒಂದು ಮೆಷಿನ್, ಹೊರಗೆ ಉದ್ದದ ಸಾಲು. ಸಂಜೆಯಾಗುವಾಗ ಇಷ್ಟು ಮಂದಿಗೆ ನೋಂದಣಿ ಆಯಿತು ಎಂದು ಸಂಘಟಕರು ಫೋಟೋ ಸಮೇತ ಸುದ್ದಿ ಕಳುಹಿಸುತ್ತಾರೆ. ನಾವೂ ಇದೇ ಪುಟದಲ್ಲಿ ಅದನ್ನು ಸಂತೋಷದಿಂದಲೇ ಹಾಕುತ್ತಾ ಬಂದಿದ್ದೇವೆ. ಆದರೆ ಆ ಸಾಲಿನಲ್ಲಿ ನಿಂತವರಿಗೆ ಸಿಗುವುದು ಯಾವ ಕಾರ್ಡು, ಅದರಿಂದ ಆಗುವುದೆಷ್ಟು, ಆಗದಿರುವುದೆಷ್ಟು ಎಂದು ಬಿಡಿಸಿ ಬರೆದವರು ನಾವಲ್ಲ. ಆ ಬಾಕಿ ಇಂದು ತೀರಲಿ.

ಪರಿಚಯದ ಟೈಲ್ಸ್ ಕೆಲಸದವರೊಬ್ಬರ ಸಂಗತಿ ಇದು. ವಯಸ್ಸು ನಲವತ್ತರ ಹತ್ತಿರ. ಹದಿನೇಳರಲ್ಲಿ ಮಾವನ ಕೈಕೆಳಗೆ ಸಿಮೆಂಟು ಕಲಸಲು ಹೋದವರು, ಈಗ ಗೋಡೆಗೆ ಗ್ರಾನೈಟ್ ಕೂರಿಸುವುದರಲ್ಲಿ ಅವರ ಕೈಯನ್ನು ಮೀರಿಸುವವರು ಆ ಕಡೆ ಕಡಿಮೆ. ಸೌದಿಗೆ ಟೈಲ್ಸ್ ಕೆಲಸದವರು ಬೇಕೆಂದು ಕೇಳಿ ಇಂಟರ್‌ವ್ಯೂಗೆ ಹೋದರು. 'ಸರ್ಟಿಫಿಕೇಟ್ ಉಂಟಾ?' ಎಂದು ಕೇಳಿದರಂತೆ. ಇವರು ಪರ್ಸಿನಿಂದ ಕಾರ್ಮಿಕ ಕಾರ್ಡ್ ತೆಗೆದು ಮೇಜಿನ ಮೇಲಿಟ್ಟರು. ಅದರ ಕೆಳಗೆ ಇ-ಶ್ರಮ್ ಕಾರ್ಡನ್ನೂ ಇಟ್ಟರು. ಎದುರಿಗಿದ್ದವ ಎರಡನ್ನೂ ತಿರುಗಿಸಿ ನೋಡಿ, 'ಕಾಕ, ಇದು ನೀವು ಕೆಲಸದವರು ಅಂತ ಹೇಳ್ತದೆ, ಕೆಲಸ ಬರ್ತದೆ ಅಂತ ಹೇಳುವುದಿಲ್ಲ' ಎಂದ. ಮಾತು ಒರಟು. ಆದರೆ ಅದರಲ್ಲಿ ತಪ್ಪು ಹುಡುಕಲು ನಮಗೆ ಸಾಧ್ಯವಾಗಲಿಲ್ಲ.

ಕಾರ್ಮಿಕ ಕಾರ್ಡ್ ಅಂದರೆ ಕರ್ನಾಟಕ ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯ ಗುರುತಿನ ಚೀಟಿ. 1996ರ ಕಾನೂನಿನಿಂದ ಹುಟ್ಟಿದ ವ್ಯವಸ್ಥೆ ಅದು. ಕಟ್ಟಡ ಕಟ್ಟುವವರಿಂದ ನಿರ್ಮಾಣ ವೆಚ್ಚದ ಶೇ. 1ರಷ್ಟು ಸೆಸ್ ಸಂಗ್ರಹಿಸಿ, ಆ ಹಣವನ್ನು ಕಾರ್ಮಿಕರ ಚಿಕಿತ್ಸೆ, ಮಕ್ಕಳ ಓದು, ಮದುವೆ, ಅಪಘಾತ, ಪಿಂಚಣಿ ಮುಂತಾದವಕ್ಕೆ ಕೊಡುತ್ತಾರೆ. 18ರಿಂದ 60 ವರ್ಷದೊಳಗಿನವರಾಗಿದ್ದು, ಹಿಂದಿನ 12 ತಿಂಗಳಲ್ಲಿ ಕನಿಷ್ಠ 90 ದಿನ ಕಟ್ಟಡದ ಕೆಲಸ ಮಾಡಿರಬೇಕು. ಅಷ್ಟೇ ಷರತ್ತು. ಕಲ್ಲು ಹೊತ್ತವನಿಗೂ ಅದೇ ಕಾರ್ಡು, ಕಮಾನು ಕಟ್ಟಿದವನಿಗೂ ಅದೇ ಕಾರ್ಡು. ಇದು ಹಕ್ಕಿನ ಕಾರ್ಡು. ಇಲ್ಲದವರು ಖಂಡಿತ ಮಾಡಿಸಿಕೊಳ್ಳಬೇಕು. (ಅಂಗಡಿ ನಡೆಸುವವರು, ಆಟೋ ಓಡಿಸುವವರು, ಮನೆಯಲ್ಲೇ ಇರುವವರು ಕೂಡ ಕಟ್ಟಡ ಕಾರ್ಮಿಕರೆಂದು ಬರೆಸಿಕೊಂಡದ್ದು ನಮಗೆ ಗೊತ್ತಿಲ್ಲದ್ದಲ್ಲ. ಅದರಿಂದಾಗಿಯೇ ಸರಕಾರ ಬೋಗಸ್ ಕಾರ್ಡ್‌ಗಳ ರದ್ದತಿಗೆ ಇಳಿದದ್ದು. ನಿಜವಾದ ಗಾರೆಯವನು ಈಗ ಕಚೇರಿಯಲ್ಲಿ ಸಂಶಯದ ಕಣ್ಣಿಗೆ ಬೀಳುವುದೂ ಅದರಿಂದಲೇ.) 2021ರ ಆಗಸ್ಟ್‌ನಲ್ಲಿ ಶುರುವಾದ ಇ-ಶ್ರಮ್ ಕೂಡ ಅಸಂಘಟಿತ ಕಾರ್ಮಿಕರ ದಾಖಲೆ ಮಾತ್ರ. ಕೈಕೆಲಸ ಬರುತ್ತದೆ ಎಂಬುದಕ್ಕೆ ಅದು ಪುರಾವೆ ಅಲ್ಲ.

ಹಾಗಾದರೆ ಕೌಶಲದ ಕಾರ್ಡ್ ಯಾವುದು? ಐಟಿಐ ಮುಗಿಸಿದವರ ಹತ್ತಿರ ಅದು ಆಗಲೇ ಉಂಟು. ಕದ್ರಿಯ ಸರಕಾರಿ ಐಟಿಐಯೇ ಇರಲಿ, ಬೇರೆ ಯಾವುದೇ ಇರಲಿ, ಅಲ್ಲಿಯ ಟ್ರೇಡ್ ಸರ್ಟಿಫಿಕೇಟಿಗೆ ದೇಶವಿಡೀ ಬೆಲೆ ಉಂಟು. ಕಷ್ಟ ಇರುವುದು ನಮ್ಮ ದೊಡ್ಡ ಪಾಲಿನವರಿಗೆ. ಅವರು ಕಲಿತದ್ದು ಐಟಿಐಯಲ್ಲಿ ಅಲ್ಲ, ಸೈಟಿನಲ್ಲಿ. ಅಣ್ಣನ ಜೊತೆ ಸೆಂಟ್ರಿಂಗಿಗೆ ಹೋಗಿ, ಮೇಸ್ತ್ರಿಯ ಬೈಗುಳ ತಿಂದು, ಎರಡು ವರ್ಷ ಹೆಲ್ಪರ್ ಆಗಿ ಕಲಿತವರು. ಇಂಥವರಿಗಾಗಿಯೇ ಕೇಂದ್ರದ ಕೌಶಲ ಯೋಜನೆಯಲ್ಲಿ ಒಂದು ದಾರಿ ಇಟ್ಟಿದ್ದಾರೆ. ಹೆಸರು 'ಹಿಂದಿನ ಕಲಿಕೆಗೆ ಮಾನ್ಯತೆ', ಸಂಕ್ಷೇಪದಲ್ಲಿ ಆರ್‌ಪಿಎಲ್. ಪುನಃ ಮೊದಲಿನಿಂದ ಕಲಿಯುವುದೇನೂ ಇಲ್ಲ. ಗೊತ್ತಿರುವುದನ್ನು ಪರೀಕ್ಷಕರ ಮುಂದೆ ಮಾಡಿ ತೋರಿಸಬೇಕು. ಮೊದಲು ಸ್ವಲ್ಪ ತರಬೇತಿ, ಸುರಕ್ಷತೆಯ ಪಾಠ, ಆಮೇಲೆ ಪ್ರಶ್ನೆ ಮತ್ತು ಕೈಕೆಲಸದ ಪರೀಕ್ಷೆ. ಪಾಸಾದರೆ ಕ್ಯೂಆರ್ ಕೋಡ್ ಇರುವ ಸರ್ಟಿಫಿಕೇಟ್ ಬರುತ್ತದೆ. ಅದರಲ್ಲಿ ಕೆಲಸದ ಹೆಸರು, ಅದು ಯಾವ ಮಟ್ಟದ್ದು ಎಂಬುದು ಇರುತ್ತದೆ.

ಈ 'ಮಟ್ಟ' ಎಂಬ ಪದದ ಮೇಲೆ ಸ್ವಲ್ಪ ನಿಲ್ಲಬೇಕು. ಸಹಾಯಕ ಗಾರೆಯವನ ಸರ್ಟಿಫಿಕೇಟ್ ಬೇರೆ, ಪೂರ್ಣ ಗಾರೆಯವನದು ಬೇರೆ. ಇಪ್ಪತ್ತು ವರ್ಷ ಮೇಸ್ತ್ರಿಯಾಗಿದ್ದವರು, ಶಿಬಿರದಲ್ಲಿ ಯಾವುದು ಸಿಕ್ಕಿತೋ ಅದಾಗಲಿ ಎಂದು ಸಹಾಯಕನ ಸರ್ಟಿಫಿಕೇಟಿಗೆ ಹೆಸರು ಕೊಟ್ಟು ಬಂದರೆ, ನಾಳೆ ಅವರ ಸಂಬಳ ನಿಗದಿಯಾಗುವುದು ಆ ಕಾಗದದ ಮೇಲೆ. ಇದರ ಉಲ್ಟಾ ಕೂಡ ಅಷ್ಟೇ ಕೆಟ್ಟದು. ಪೈಂಟರ್ ಆಗಿದ್ದವ ವೆಲ್ಡರ್ ಎಂದು ಬರೆಸಿಕೊಂಡರೆ, ವೆಲ್ಡಿಂಗ್ ಟಾರ್ಚ್ ಕೈಗೆ ಕೊಡುವ ದಿನ ಬಂದೇ ಬರುತ್ತದೆ.

ಇಷ್ಟು ದಿನ ಕಾಗದ ಇಲ್ಲದೆ ನಡೆಯಿತಲ್ಲ ಎನ್ನುವವರು ಇದ್ದಾರೆ. ನಡೆದದ್ದು ಹೌದು. ನಮ್ಮ ಹಿರಿಯರು 'ಆಮಿಲ್' ವೀಸಾದಲ್ಲಿ, ಅಂದರೆ ಬರಿಯ ಕೂಲಿ ಎಂದು ಹೋಗಿ, ಅಲ್ಲಿ ಮೇಸ್ತ್ರಿ ಕೆಲಸ ಮಾಡಿ ಮನೆ ಕಟ್ಟಿದರು, ತಂಗಿಯಂದಿರ ಮದುವೆ ಮಾಡಿದರು. ಇಕಾಮದಲ್ಲಿ ಒಂದು, ಕೈಯಲ್ಲಿ ಇನ್ನೊಂದು. ಆ ಬಾಗಿಲು ಈಗ ಮುಚ್ಚುತ್ತಾ ಬರುತ್ತಿದೆ. ಸೌದಿ ಸರಕಾರ 2021ರಲ್ಲಿ ಶುರು ಮಾಡಿದ ಕೌಶಲ ಪರೀಕ್ಷೆ, ನಮ್ಮವರ ಬಾಯಲ್ಲಿ 'ತಕಾಮೊಲ್ ಪರೀಕ್ಷೆ', 2022ರ ಡಿಸೆಂಬರ್‌ನಿಂದ ಭಾರತಕ್ಕೂ ಬಂತು. ಮೊದಲಿಗೆ ಇದ್ದದ್ದು ಪ್ಲಂಬರ್, ಎಲೆಕ್ಟ್ರಿಷಿಯನ್, ವೆಲ್ಡರ್, ಎಸಿ ಮೆಕ್ಯಾನಿಕ್, ವಾಹನದ ಎಲೆಕ್ಟ್ರಿಷಿಯನ್ ಎಂಬ ಐದು ಕೆಲಸ. ಪಟ್ಟಿ ಅಲ್ಲಿಗೇ ನಿಲ್ಲಲಿಲ್ಲ, ಕಟ್ಟಡದ ಬೇರೆ ಕೆಲಸಗಳೂ ಸೇರುತ್ತಾ ಹೋದವು. ಬರಹದ ಪರೀಕ್ಷೆ ಒಂದು, ಕೈಕೆಲಸದ್ದು ಇನ್ನೊಂದು. ಎರಡೂ ಪಾಸಾದರೆ ಸಿಗುವ ಸರ್ಟಿಫಿಕೇಟಿಗೆ ಐದು ವರ್ಷ ಆಯಸ್ಸು. ವೀಸಾದಲ್ಲಿ ಯಾವ ಕೆಲಸದ ಹೆಸರು ಇದೆಯೋ ಅದೇ ಕೆಲಸದ ಪರೀಕ್ಷೆ. 2025ರಲ್ಲಂತೂ ಅಲ್ಲಿನ ಸರಕಾರ ವಿದೇಶಿಯರ ವರ್ಕ್ ಪರ್ಮಿಟ್‌ಗಳನ್ನೇ ಉನ್ನತ ಕೌಶಲ, ಕೌಶಲ, ಸಾಮಾನ್ಯ ಎಂದು ಮೂರು ದರ್ಜೆ ಮಾಡಿತು. ಕಾಗದ ಇಲ್ಲದ ಮೇಸ್ತ್ರಿ ಯಾವ ದರ್ಜೆಗೆ ಹೋಗುತ್ತಾನೆ ಎಂದು ನಾವು ಹೇಳಬೇಕಾಗಿಲ್ಲ.

ಗೊಂದಲ ಇಲ್ಲಿಯೂ ಉಂಟು. ಆರ್‌ಪಿಎಲ್ ಸರ್ಟಿಫಿಕೇಟ್ ಇದ್ದರೆ ಸೌದಿ ಪರೀಕ್ಷೆ ಬೇಡ ಎಂದು ಕೆಲವರು ನಂಬಿದ್ದಾರೆ. ಅವೆರಡೂ ಬೇರೆ ಬೇರೆ. ತೈಲ ಕಂಪೆನಿಗಳ ಸೈಟಿನಲ್ಲಿ ರಿಗ್ಗರ್, ಸ್ಕಫೋಲ್ಡರ್, ಕ್ರೇನ್ ಆಪರೇಟರ್‌ಗಳಿಗೆ ಬೇಕಾಗುವ ಕಾರ್ಡುಗಳು ಇನ್ನೂ ಬೇರೆ, ಅವುಗಳಲ್ಲಿಯೂ ದರ್ಜೆ ಉಂಟು. ಆದ್ದರಿಂದ ಹಣ ಕಟ್ಟುವ ಮುಂಚೆ ಒಂದೇ ಪ್ರಶ್ನೆ: ನಾನು ಹೋಗುವ ದೇಶದಲ್ಲಿ, ನಾನು ಮಾಡುವ ಕೆಲಸಕ್ಕೆ, ಗೇಟಿನಲ್ಲಿ ನಿಂತವರು ಯಾವ ಕಾರ್ಡ್ ಕೇಳುತ್ತಾರೆ? ಉತ್ತರವನ್ನು ಏಜೆಂಟರ ಬಾಯಿಯಿಂದ ಮಾತ್ರ ಪಡೆಯಬೇಡಿ. ಅದೇ ಕೆಲಸದಲ್ಲಿ ಈಗ ಅಲ್ಲಿರುವ ನಿಮ್ಮೂರಿನವರಿಗೆ ಒಂದು ವಾಯ್ಸ್ ಮೆಸೇಜ್ ಹಾಕಿ. ಏಜೆಂಟರ ನೋಂದಣಿಯನ್ನು ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡಿಕೊಳ್ಳಿ. ನೋಂದಾಯಿತ ಏಜೆಂಟರು ಸೇವಾ ಶುಲ್ಕವೆಂದು ಪಡೆಯಬಹುದಾದದ್ದು ಹೆಚ್ಚೆಂದರೆ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ.

ಇನ್ನು 'ಪರೀಕ್ಷೆ ಬೇಡ, ಸರ್ಟಿಫಿಕೇಟ್ ಮಾಡಿಸಿ ಕೊಡುತ್ತೇವೆ' ಎನ್ನುವವರ ಮಾತು. ಇವರು ಎಲ್ಲ ಊರಿನಲ್ಲೂ ಇದ್ದಾರೆ, ಎಲ್ಲರಿಗೂ ಗೊತ್ತಿದ್ದಾರೆ, ಎದುರಿಗೆ ಬಂದರೆ ಸಲಾಂ ಹೇಳಿ ಹೋಗುತ್ತೇವೆ. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದಾಗ ಏನೂ ತೆರೆಯದಿದ್ದರೆ ಸಿಕ್ಕಿ ಬೀಳುವವ ಮಾಡಿಸಿಕೊಟ್ಟವನಲ್ಲ, ಹಿಡಿದುಕೊಂಡವ. ಅದಕ್ಕಿಂತ ದೊಡ್ಡ ಭಯ ಬೇರೆ. ಐದನೇ ಮಾಳಿಗೆಯ ಅಟ್ಟಣಿಗೆ ಕಟ್ಟುವವ ಸುಳ್ಳು ಕಾರ್ಡಿನವನಾದರೆ, ಅದರ ಮೇಲೆ ಹತ್ತಿ ನಿಲ್ಲುವವ ಇನ್ನೊಬ್ಬರ ಮನೆಯ ಮಗ.

ಊರಿನಲ್ಲಿ ಕಾರ್ಡ್ ಬೇಡ ಎಂದೇನಿಲ್ಲ. ವೈರಿಂಗ್ ಕೆಲಸಕ್ಕೆ ಹೋಗುವ ನಮ್ಮ ಹುಡುಗರಲ್ಲಿ ಎಷ್ಟು ಮಂದಿಗೆ ವಿದ್ಯುತ್ ಪರಿವೀಕ್ಷಣಾ ಇಲಾಖೆಯ ವೈರ್‌ಮನ್ ಪರ್ಮಿಟ್ ಉಂಟು? ಕೆಲಸವೆಲ್ಲ ಇವರದು. ಮೆಸ್ಕಾಂ ಸಂಪರ್ಕಕ್ಕೆ ಕಾಗದ ಕೊಡುವಾಗ ಸಹಿ ಮಾತ್ರ ಪರವಾನಗಿ ಇರುವ ಬೇರೆಯವರದು. ಆ ಸಹಿಗೆ ಹೋಗುವ ಹಣ ಯಾರ ಕೂಲಿಯಿಂದ ಕಡಿತವಾಗುತ್ತದೆ ಎಂದು ಕೆಲಸದವರನ್ನೇ ಕೇಳಿ ನೋಡಿ.

ಒಂದು ಸಣ್ಣ ವಿಷಯ, ಆದರೆ ನಮ್ಮವರ ಅರ್ಧ ಅರ್ಜಿಗಳು ಸಿಕ್ಕಿ ಬೀಳುವುದು ಅಲ್ಲಿ ಎಂಬುದು ನಮ್ಮ ಅನುಭವ: ಹೆಸರು. ಆಧಾರಿನಲ್ಲಿ 'ಮಹಮ್ಮದ್', ಪಾಸ್‌ಪೋರ್ಟಿನಲ್ಲಿ 'ಮುಹಮ್ಮದ್', ಶಾಲೆಯ ಸರ್ಟಿಫಿಕೇಟಿನಲ್ಲಿ ಬರೀ 'ಎಂ'. ಒಂದರಲ್ಲಿ ತಂದೆಯ ಹೆಸರು ಹಿಂದೆ, ಇನ್ನೊಂದರಲ್ಲಿ ಮನೆಹೆಸರಿನ ಇನಿಶಿಯಲ್ ಮುಂದೆ. ಕರೆಯುವಾಗ ಎಲ್ಲಾ ಒಂದೇ, ಕಂಪ್ಯೂಟರಿಗೆ ಮೂರು ಮಂದಿ. ಕೌಶಲದ ಸರ್ಟಿಫಿಕೇಟ್ ಆಧಾರಿನ ಹೆಸರಿನಲ್ಲಿ ಬರುತ್ತದೆ, ವೀಸಾ ಪಾಸ್‌ಪೋರ್ಟಿನ ಹೆಸರಿನಲ್ಲಿ. ಪರೀಕ್ಷೆಗೆ ಹೆಸರು ಕೊಡುವ ಮೊದಲೇ ಎರಡನ್ನೂ ಅಕ್ಷರಕ್ಕೆ ಅಕ್ಷರ ಹೊಂದಿಸಿಕೊಳ್ಳಿ. ಆಮೇಲೆ ತಿದ್ದಿಸಲು ಹೋದರೆ ತಿಂಗಳುಗಟ್ಟಲೆ ಅಲೆಯಬೇಕು, ಅಷ್ಟರಲ್ಲಿ ಬಂದ ವೀಸಾ ಹೋಗಿಯಾಗಿರುತ್ತದೆ.

ನಮ್ಮ ಯುವಕ ಸಂಘಗಳಿಗೆ, ಜಮಾಅತ್ ಕಮಿಟಿಗಳಿಗೆ ಇದು ಆಗದ ಕೆಲಸವಲ್ಲ. ಕಾರ್ಮಿಕ ಕಾರ್ಡಿನ ಶಿಬಿರ ಮಾಡಲು ಗೊತ್ತಿರುವವರಿಗೆ ಅದೇ ಹಾಲ್‌ನಲ್ಲಿ ಇನ್ನೊಂದು ಮೇಜು ಇಡಲು ಎಷ್ಟು ಹೊತ್ತು? ಆ ಮೇಜಿನಲ್ಲಿ ಕೂರುವವರು ಬಂದವರ ಕೆಲಸ ಯಾವುದು, ಎಷ್ಟು ವರ್ಷ, ಸರ್ಟಿಫಿಕೇಟ್ ಉಂಟಾ ಇಲ್ಲವಾ ಎಂದು ಬರೆದುಕೊಂಡರೆ ಸಾಕು. ಒಂದೇ ಕೆಲಸದವರು ಇಪ್ಪತ್ತು ಮಂದಿ ಆದರೆ ಪಟ್ಟಿ ಹಿಡಿದು ಜಿಲ್ಲಾ ಕೌಶಲಾಭಿವೃದ್ಧಿ ಕಚೇರಿಗೆ ಹೋಗಿ, ನಮ್ಮೂರಿನಲ್ಲೇ ಪರೀಕ್ಷೆ ಇಡಿಸಿ ಎಂದು ಕೇಳಬಹುದು. ಒಬ್ಬೊಬ್ಬರೇ ಹೋದರೆ 'ನಾಳೆ ಬನ್ನಿ'. ಇಪ್ಪತ್ತು ಹೆಸರಿನ ಪಟ್ಟಿಗೆ ಅಷ್ಟು ಸುಲಭದಲ್ಲಿ ಹಾಗೆ ಹೇಳಲಿಕ್ಕೆ ಆಗುವುದಿಲ್ಲ.

ಕೊನೆಗೆ ನಮ್ಮೊಳಗಿನ ಕಂಟ್ರಾಕ್ಟರ್‌ಗಳಿಗೆ ಒಂದು ಮಾತು. ಟೈಲ್ಸ್ ಕೆಲಸದ ಆ ಪರಿಚಯದವರು ಸೌದಿ ಪರೀಕ್ಷೆಗೆ ತಯಾರಾಗುತ್ತಿದ್ದಾರೆ. ಇಂಟರ್‌ವ್ಯೂನವರು ಅದರ ಜೊತೆ ಅನುಭವ ಪತ್ರವನ್ನೂ ಕೇಳಿದ್ದರು. ಹನ್ನೊಂದು ವರ್ಷ ದುಡಿದ ಕಡೆ ಹೋಗಿ ಕೇಳಿದ್ದಕ್ಕೆ, 'ಬರೆದು ಕೊಟ್ಟರೆ ನಾಳೆ ಪಿಎಫ್, ಇಎಸ್‌ಐ ಅಂತ ಯಾರಾದರೂ ಬರ್ತಾರೆ ಮಾರಾಯ' ಎಂಬ ಉತ್ತರ ಸಿಕ್ಕಿತು. ಹನ್ನೊಂದು ವರ್ಷ ಅವರು ಹಾಕಿದ ನೆಲದ ಮೇಲೆ ಈಗಲೂ ಜನ ನಡೆಯುತ್ತಿದ್ದಾರೆ, ಹಾಕಿದವರು ಯಾರು ಎಂಬುದಕ್ಕೆ ಒಂದು ಸಾಲಿನ ದಾಖಲೆ ಇಲ್ಲ. ನಿಮ್ಮ ಲೆಟರ್‌ಹೆಡ್‌ನಲ್ಲಿ ಬೇಕಾಗಿರುವುದು ನಾಲ್ಕು ಸಾಲು: ಇಂಥವರು, ಇಷ್ಟನೇ ಇಸವಿಯಿಂದ ಇಷ್ಟನೇ ಇಸವಿಯವರೆಗೆ, ಇಂಥ ಕೆಲಸ, ಕೆಳಗೆ ನಿಮ್ಮ ಸಹಿ. ಅವರು ಪರೀಕ್ಷೆಗೆ ಹೋಗುವ ಮೊದಲು ಅದನ್ನು ಬರೆದು ಕೊಡಿ.