ಧೈರ್ಯ ಮಾಡಿ ಬಂದವಳಿಗೆ ‘ನಾಳೆ ಬಾ’

‘ಕಾಯ್ದೆಯಿದೆ, 181 ಸಹಾಯವಾಣಿಯಿದೆ, ಸಾಂತ್ವನ ಕೇಂದ್ರಗಳಿವೆ, ಹೆಂಗಸರು ಧೈರ್ಯ ಮಾಡಿ ದೂರು ಕೊಡಬೇಕಷ್ಟೆ’ ಎಂಬ ಧಾಟಿಯಲ್ಲಿ ಕೌಟುಂಬಿಕ ಹಿಂಸೆ ಕುರಿತು ಬರೆದ ಲೇಖನ ಓದಿ ಸಿಟ್ಟು ಬಂತು. ದೂರು ಕೊಟ್ಟ ಮೇಲೆ ಏನಾಗುತ್ತದೆ ಎಂಬ ಬಗ್ಗೆ ಲೇಖಕರು ಒಂದು ಸಾಲೂ ಬರೆದಿಲ್ಲ.

2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ ಜೀವಾಳವೇ ಸಂರಕ್ಷಣಾಧಿಕಾರಿ. ಘಟನೆಯ ವರದಿ ಬರೆದು ಮ್ಯಾಜಿಸ್ಟ್ರೇಟರಿಗೆ ಕಳಿಸುವುದು, ಆಶ್ರಯ, ವೈದ್ಯಕೀಯ ತಪಾಸಣೆ, ಉಚಿತ ಕಾನೂನು ನೆರವು ಕೊಡಿಸುವುದು ಅವರ ಕೆಲಸ. ನಮ್ಮ ತಾಲ್ಲೂಕುಗಳಲ್ಲಿ ಈ ಹೊಣೆ ಬಿದ್ದಿರುವುದು ಶಿಶು ಅಭಿವೃದ್ಧಿ ಯೋಜನಾಧಿಕಾರಿಯ ಹೆಗಲಿಗೆ. ಅಂಗನವಾಡಿಯ ಮೊಟ್ಟೆ ಲೆಕ್ಕ, ಪೋಷಣ್ ವರದಿ, ಗೃಹಲಕ್ಷ್ಮಿ ಅರ್ಜಿ, ಜಿಲ್ಲಾ ಕೇಂದ್ರದ ಸಭೆ ಎಲ್ಲ ಮುಗಿದು ಹೊತ್ತು ಉಳಿದರೆ ಏಟು ತಿಂದವಳ ಸರದಿ. (ಅಧಿಕಾರಿಯನ್ನು ದೂರಿ ಫಲವಿಲ್ಲ, ಒಬ್ಬರು ಎಷ್ಟೆಂದು ಮಾಡಿಯಾರು?) ಕಂಕುಳಲ್ಲಿ ಮಗುವಿಟ್ಟುಕೊಂಡು ಹಳ್ಳಿಯಿಂದ ಬಸ್ಸು ಹಿಡಿದು ಬಂದವಳಿಗೆ ‘ಮೇಡಂ ಮೀಟಿಂಗ್‌ಗೆ ಹೋಗಿದ್ದಾರೆ, ನಾಳೆ ಬಾ’ ಎಂದರೆ ರಾತ್ರಿ ಅವಳು ಅದೇ ಮನೆಗೆ ಮರಳಬೇಕು. ಅರ್ಜಿ ನ್ಯಾಯಾಲಯಕ್ಕೆ ಬಂದ 3 ದಿನದೊಳಗೆ ಸಾಮಾನ್ಯವಾಗಿ ಮೊದಲ ವಿಚಾರಣೆ ನಡೆಯಬೇಕೆನ್ನುತ್ತದೆ ಕಾಯ್ದೆ!

5ನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ ಮದುವೆಯಾದ ಮಹಿಳೆಯರ ಪೈಕಿ ಶೇ 44ರಷ್ಟು ಮಂದಿ ಗಂಡನ ಹಿಂಸೆ ಉಂಡವರು. ಇಷ್ಟೂ ಜನರಿಗೆ ಧೈರ್ಯದ್ದೇ ಕೊರತೆಯೇ?

ಸರ್ಕಾರ ಮೊದಲು ತಾಲ್ಲೂಕಿಗೊಬ್ಬ ಪೂರ್ಣಾವಧಿ ಸಂರಕ್ಷಣಾಧಿಕಾರಿಯನ್ನು ನೇಮಿಸಲಿ. ಹೆಂಗಸರಿಗೆ ಉಪದೇಶ ಆಮೇಲೆ.