ಪೇಢಿಯ ವೈ-ಫೈ: ಅತಿಥಿಗಳಿಗೆ ಬೇರೆ ಜಾಲವಿರಲಿ

ನಿಪ್ಪಾಣಿಯ ತಂಬಾಕು ಪೇಢಿಯಲ್ಲಾಗಲಿ, ಅಥಣಿಯ ಪಾದರಕ್ಷೆ ತಯಾರಕರಲ್ಲಾಗಲಿ, ಬಂದವರನ್ನು ಪಡಸಾಲೆಯಲ್ಲಿ ಕುಳ್ಳಿರಿಸಿ ಕೀರ್ದಿ-ಖಾತೆಗಳನ್ನು ಒಳಕೋಣೆಯಲ್ಲಿ ಇಡುವುದು ಹಿಂದಿನಿಂದ ಬಂದ ರೂಢಿ. ಈಗ ಆ ಖಾತೆಗಳು ಕಂಪ್ಯೂಟರಿನಲ್ಲಿವೆ. ಆದರೆ ಚಹಾ ಕುಡಿಯುತ್ತ ಕುಳಿತ ದಲಾಲರು “ಪಾಸ್‌ವರ್ಡ್ ಏನ್ರೀ?” ಎಂದು ಕೇಳಿದೊಡನೆ, ಲೆಕ್ಕಪತ್ರದ ಕಂಪ್ಯೂಟರುಗಳಿರುವ ಜಾಲದ ಕೀಲಿಯನ್ನೇ ಅವರ ಕೈಗೆ ಕೊಡಲಾಗುತ್ತಿದೆ. ಚಿಕ್ಕೋಡಿ, ರಾಯಬಾಗ, ಕಾಗವಾಡಗಳ ಅಂಗಡಿ, ಕಾರ್ಖಾನೆಗಳಲ್ಲಿಯೂ ಇದು ಅಪರೂಪದ ಸಂಗತಿಯೇನಲ್ಲ.

ಅತಿಥಿಗೆ ದುರುದ್ದೇಶವಿರಬೇಕೆಂದಿಲ್ಲ, ಅವರ ಲ್ಯಾಪ್‌ಟಾಪಿನಲ್ಲಿ ವೈರಸ್ ಇದ್ದರೆ ಸಾಕು. 2017ರ ಮೇ 12ರಂದು ಜಗತ್ತಿನಾದ್ಯಂತ ಹಬ್ಬಿದ ‘ವನ್ನಾಕ್ರೈ’ ಎಂಬ ಕುತಂತ್ರಾಂಶವು ವಿಂಡೋಸ್‌ನ ಕಡತ ಹಂಚಿಕೆ ವ್ಯವಸ್ಥೆಯಲ್ಲಿದ್ದ ದೋಷವನ್ನು ಬಳಸಿಕೊಂಡು, ಯಾರೂ ಏನನ್ನೂ ಒತ್ತದೆಯೇ ಒಂದು ಕಂಪ್ಯೂಟರಿನಿಂದ ಮತ್ತೊಂದಕ್ಕೆ ದಾಟಿತು. ಕಡತಗಳಿಗೆ ಬೀಗ ಹಾಕಿ ಹಣ ಕೇಳಿತು. ಟ್ಯಾಲಿಯ ಫೋಲ್ಡರನ್ನು ಎಲ್ಲ ಮೇಜುಗಳಿಗೂ ಹಂಚಿಟ್ಟ ಕಚೇರಿಯಲ್ಲಿ ಇಂಥದೊಂದು ನುಸುಳಿದರೆ ಜಿ.ಎಸ್.ಟಿ. ಲೆಕ್ಕ, ಗಿರಾಕಿಗಳ ಬಾಕಿ, ಖರೀದಿ ದರ ಎಲ್ಲವೂ ಒಮ್ಮೆಗೇ ಕೈತಪ್ಪುತ್ತವೆ.

ಅತಿಥಿಗೆ ಇಲ್ಲವೆನ್ನುವುದು ಈ ಭಾಗದ ಗುಣವಲ್ಲ. ಅದರ ಅಗತ್ಯವೂ ಇಲ್ಲ. ಇಂದಿನ ಬಹುತೇಕ ರೌಟರುಗಳಲ್ಲಿ ‘ಗೆಸ್ಟ್ ನೆಟ್‌ವರ್ಕ್’ ಎಂಬ ಸೌಲಭ್ಯವಿದ್ದು, ಬೇರೆ ಹೆಸರು, ಬೇರೆ ಪಾಸ್‌ವರ್ಡಿನ ಎರಡನೆಯ ಜಾಲವನ್ನು ಖರ್ಚಿಲ್ಲದೆ ತೆರೆಯಬಹುದು. ನೌಕರರ ಸ್ವಂತ ಮೊಬೈಲುಗಳೂ ಅದರಲ್ಲಿಯೇ ಇರತಕ್ಕದ್ದು. ನಂಬಿಕೆಯ ಪ್ರಶ್ನೆ ಇದಲ್ಲ. ಆ ಮೊಬೈಲುಗಳಲ್ಲಿ ಏನೇನು ಸೇರಿಕೊಂಡಿದೆಯೆಂಬುದು ಅವರಿಗೂ ತಿಳಿದಿರುವುದಿಲ್ಲ.

ಇಲ್ಲೊಂದು ತೊಡಕುಂಟು. ಗೋದಾಮಿಗೂ ಸಿಗ್ನಲ್ ತಲುಪಲೆಂದು, ಇಂಟರ್ನೆಟ್ ಕಂಪನಿಯ ರೌಟರಿಗೆ ಇನ್ನೊಂದು ಆಕ್ಸೆಸ್ ಪಾಯಿಂಟ್ ಜೋಡಿಸುವುದು ವಾಡಿಕೆ. ಹೀಗೆ ಜೋಡಿಸಿದ ಅಗ್ಗದ ಉಪಕರಣಗಳು ಹಲವು ಸಲ ಎರಡು ಹೆಸರು ತೋರಿಸಿದರೂ ಒಳಗೆ ಎರಡನ್ನೂ ಒಂದೇ ಜಾಲಕ್ಕೆ ಸೇರಿಸುತ್ತವೆ. ಆಗ ಅತಿಥಿ ಜಾಲವನ್ನು ಮುಖ್ಯ ರೌಟರಿನಲ್ಲಿಯೇ ತೆರೆಯಬೇಕು. ಇಲ್ಲವೆ ‘ವಿ-ಲ್ಯಾನ್’ ವಿಭಜನೆಯುಳ್ಳ ಆಕ್ಸೆಸ್ ಪಾಯಿಂಟ್, ಸ್ವಿಚ್, ರೌಟರುಗಳನ್ನು ಕೊಳ್ಳಬೇಕು. ಪರೀಕ್ಷೆ ಸುಲಭ: ಮೊಬೈಲನ್ನು ಅತಿಥಿ ಜಾಲಕ್ಕೆ ಜೋಡಿಸಿ, ಕಚೇರಿಯ ಪ್ರಿಂಟರಿನ ಅಥವಾ ಸಿ.ಸಿ.ಟಿ.ವಿ. ಪೆಟ್ಟಿಗೆಯ ವಿಳಾಸವನ್ನು ಬ್ರೌಸರಿನಲ್ಲಿ ಬರೆಯುವುದು. ಪುಟ ತೆರೆದರೆ ಗೋಡೆ ಹೆಸರಿಗೆ ಮಾತ್ರ.

ಅತಿಥಿ ಜಾಲವನ್ನು ಪಾಸ್‌ವರ್ಡಿಲ್ಲದೆ ತೆರೆದಿಡುವುದೂ ಸಲ್ಲದು. ಜಾಲ ಎರಡಾದರೂ ಸಾಮಾನ್ಯವಾಗಿ ಹೊರಜಗತ್ತಿಗೆ ಕಾಣುವ ವಿಳಾಸ ಒಂದೇ, ಅದು ಮಾಲೀಕರ ಹೆಸರಿನದು. 2008ರ ದೆಹಲಿ ಸ್ಫೋಟಗಳ ಸಂಬಂಧ ಉಗ್ರರು ಕಳುಹಿಸಿದ ಇ-ಮೇಲಿನ ಜಾಡು ಹಿಡಿದ ಪೊಲೀಸರು ತಲುಪಿದ್ದು ಮುಂಬೈಯ ಚೆಂಬೂರಿನ ಒಂದು ಖಾಸಗಿ ಕಂಪನಿಯನ್ನು. ಅದರ ಭದ್ರವಿಲ್ಲದ ವೈ-ಫೈಯನ್ನು ಹೊರಗಿನವರು ಬಳಸಿಕೊಂಡಿದ್ದರು. 2009ರ ಫೆಬ್ರುವರಿಯಲ್ಲಿ ದೂರಸಂಪರ್ಕ ಇಲಾಖೆಯು ವೈ-ಫೈ ಭದ್ರತೆಯ ಕುರಿತು ಇಂಟರ್ನೆಟ್ ಸೇವಾದಾರರಿಗೆ ಸೂಚನೆ ನೀಡಿತು. ಆದುದರಿಂದ ಅತಿಥಿ ಜಾಲಕ್ಕೂ ಪಾಸ್‌ವರ್ಡ್ ಇರಬೇಕು, ಅದನ್ನು ತಿಂಗಳಿಗೊಮ್ಮೆ ಬದಲಿಸಬೇಕು.

ಜೋಡಣೆಗೆ ಬಂದವರು ಮೊಬೈಲಿನಲ್ಲಿ ಇಂಟರ್ನೆಟ್ ಬಂದುದನ್ನು ತೋರಿಸಿ ಹೊರಡುತ್ತಾರೆ. ಬಿಲ್ಲು ಚುಕ್ತಾ ಮಾಡುವ ಮುನ್ನ ಮೇಲೆ ಹೇಳಿದ ಪರೀಕ್ಷೆಯನ್ನು ಅವರಿಂದಲೇ ಮಾಡಿಸಿ, ರೌಟರಿನ ಒಳಪುಟಕ್ಕೆ ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನೂ ಅಲ್ಲಿಯೇ ಬದಲಾಯಿಸಿಕೊಳ್ಳುವುದು ಒಳಿತು.